ಸೀಸೆ ನಮಗೆ, ಪೆಟ್ಟಿಗೆ ಅವರಿಗೆ

ಕುವೆಂಪುನಗರದ ಅಪ್ಪನ ಮನೆಯ ನಡುಮನೆಯ ಕಿಟಕಿಯಲ್ಲಿ ಒಂದು ಮನಿ ಪ್ಲಾಂಟ್ ಇದೆ. ಅದೇನು ಮಹಾ, ಕುವೆಂಪುನಗರದಲ್ಲಿ ಮನಿ ಪ್ಲಾಂಟ್ ಇಲ್ಲದ ಕಿಟಕಿ ಯಾವುದಿದೆ ಅಂತೀರಿ. ಸರಿಯೇ. ಗಿಡವನ್ನು ಬಿಡಿ, ಅದು ನಿಂತಿರುವ ಸೀಸೆಯನ್ನು ನೋಡಿ. ಗಿಡ್ಡ ಕತ್ತು, ದಪ್ಪ ಹೊಟ್ಟೆ, ಮಾಸಲು ಹಸಿರು ಗಾಜು. ಹೊಟ್ಟೆಯ ಮೇಲೆ ಅರ್ಧ ಸುಲಿದುಹೋದ ಚೀಟಿ, ಅದರಲ್ಲಿ ಫ್ರೆಂಚ್ ಅಕ್ಷರ. ಪಕ್ಕದಲ್ಲಿ ಕಂದು ಮರದ ಒಂದು ಚಪ್ಪಟೆ ಪೆಟ್ಟಿಗೆ. ಮನೆಗೆ ಬಂದವರು ಕಾಫಿ ಬರುವ ತನಕ ಸುಮ್ಮನಿರಲಾರದೆ ಅತ್ತ ನೋಡುತ್ತಾರೆ, ಆಮೇಲೆ ಅಪ್ಪನ ಕಡೆ ನೋಡುತ್ತಾರೆ. ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಹೋಟೆಲಿನಲ್ಲಿ ಕಾಫಿ ಕೂಡ ಕುಡಿಯದ ಮನುಷ್ಯ. ಬಂದವರು ಮರ್ಯಾದಸ್ಥರಾದರೆ ಗಿಡ ಚೆನ್ನಾಗಿ ಬಂದಿದೆ ಅಂತ ಹೇಳಿ ಸುಮ್ಮನಾಗುತ್ತಾರೆ.

ಹೋದ ಭಾನುವಾರ ಪೇಪರಿನ ಪುರವಣಿಯಲ್ಲಿ ಇಡೀ ಪುಟದ ಒಂದು ಬರಹ ಬಂದಿತ್ತು. ಹಳೆಯ ಬ್ರಾಂದಿಗೆ ಯಾವ ಸಿಗಾರು ಜೋಡಿ, ಯಾವುದನ್ನು ಮೊದಲು ಬಾಯಿಗಿಡಬೇಕು, ಲೋಟ ಹಿಡಿಯುವುದು ಹೇಗೆ, ಇಂಥವು. ನಾವೆಲ್ಲ ಹೇಗೆ ಬದುಕಬೇಕು ಅನ್ನುವ ಬಗ್ಗೆ ಇತ್ತೀಚೆಗೆ ಪೇಪರಿನವರಿಗೆ ಬಹಳ ಕಾಳಜಿ. ನಾನು ಎರಡು ಬೀದಿ ಆಚೆ ಇರುವವಳು. ಭಾನುವಾರ ಬೆಳಿಗ್ಗೆ ಹೋಗಿ, ಕಣ್ಣು ಮಂಜಾಗಿರುವ ಅಪ್ಪನಿಗೆ ಪೇಪರ್ ಓದಿ ಹೇಳುವುದು ವಾಡಿಕೆ. ತಲೆಬರಹವನ್ನು ಜೋರಾಗಿ ಓದಿಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡು ಪುಟ ತಿರುಗಿಸಹೊರಟೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಅಪ್ಪ "ಯಾಕೆ ನಿಲ್ಲಿಸ್ದೆ? ಓದು" ಅಂದರು. ಅಡುಗೆಮನೆಯಲ್ಲಿ ಅಮ್ಮ ಸೊಪ್ಪು ಹೆಚ್ಚುವ ಸದ್ದು ನಿಂತಿತು.

ಓದಿದೆ. ಅದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಮಿಡ್ಲ್ ಸ್ಕೂಲಿನಲ್ಲಿದ್ದಾಗಲೇ ಅದೆಲ್ಲ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಹೇಳಿಕೊಟ್ಟವರು ನಮ್ಮ ತಾತ, ಜನ್ಮದಲ್ಲಿ ಒಂದು ತೊಟ್ಟು ಬ್ರಾಂದಿಯನ್ನು ನಾಲಿಗೆಗೆ ಸೋಕಿಸದವರು.

ತಾತ ರಾಜರ ಕಾಲದಲ್ಲಿ ಅರಮನೆಯ ಅತಿಥಿಗೃಹದ ನೌಕರಿಯಲ್ಲಿದ್ದರು. ಬೇಟೆಗೆಂದೋ ದಸರಾ ನೋಡಲೆಂದೋ ಬರುತ್ತಿದ್ದ ಬಿಳಿ ದೊರೆಗಳಿಗೆ ಬೇಕು ಬೇಡ ನೋಡಿಕೊಳ್ಳುವುದು ಅವರ ಕೆಲಸ. ಊಟ ಮುಗಿಸಿದ ದೊರೆಗಳು ವರಾಂಡದ ಬೆತ್ತದ ಕುರ್ಚಿಗಳಲ್ಲಿ ಕಾಲು ಚಾಚಿ, ಒಂದು ಕೈಯಲ್ಲಿ ಬ್ರಾಂದಿ, ಇನ್ನೊಂದು ಕೈಯಲ್ಲಿ ಸಿಗಾರು ಹಿಡಿದು ಕೂತರೆ, ಅವರು ಏಳುವವರೆಗೂ ತಾತ ಪೇಟ ಸುತ್ತಿಕೊಂಡು ಕಂಬದ ಪಕ್ಕ ನಿಂತಿರಬೇಕು. ನಿಂತು ನಿಂತೇ ಕಲಿತ ವಿದ್ಯೆ ಅದು. ಚಾಮರಾಜಪುರಂನ ಮನೆಗೆ ವಾಪಸು ಬಂದರೆ ಅಜ್ಜಿ ಹಿತ್ತಿಲ ಬಾಗಿಲಲ್ಲೇ ಬಿಂದಿಗೆಯಲ್ಲಿ ನೀರಿಟ್ಟುಕೊಂಡು ಕಾಯುತ್ತಿದ್ದರಂತೆ. ಹೊಗೆ ಮೈಲಿಗೆಯೋ ಬ್ರಾಂದಿ ಮೈಲಿಗೆಯೋ ಅಜ್ಜಿಗೂ ಖಚಿತವಿರಲಿಲ್ಲ. ಎರಡಕ್ಕೂ ಸೇರಿಸಿ ಒಂದೇ ಸ್ನಾನ ಮಾಡಿಸುತ್ತಿದ್ದರು.

ಹಾಗೆ ಬಂದಿದ್ದ ಒಬ್ಬ ದೊರೆ ಊರಿಗೆ ಹೊರಡುವಾಗ ತಾತನ ಕೈಗೆ ಒಂದು ಸೀಸೆ ಹಳೆಯ ಬ್ರಾಂದಿಯನ್ನೂ ಒಂದು ಪೆಟ್ಟಿಗೆ ಸಿಗಾರನ್ನೂ ಕೊಟ್ಟುಹೋದ. ಎರಡೂ ಅವನ ದೇಶದಲ್ಲೇ ಸುಲಭಕ್ಕೆ ಸಿಗದ ಮಾಲಂತೆ. ಬೇಡ ಅಂದರೆ ಕೊಟ್ಟವನಿಗೆ ಅವಮಾನ, ಮಾರಿದರೆ ತಮಗೆ ಅವಮಾನ, ಒಳಗೆ ತಂದರೆ ಅಜ್ಜಿ. ಕೊನೆಗೆ ಬೀದಿ ಕಡೆಯ ಕೋಣೆಯ ಗೋಡೆಬೀರುವಿನಲ್ಲಿ, ಅಜ್ಜಿಯ ಮಡಿಯ ಸರಹದ್ದಿನಿಂದಾಚೆ, ಪೆಟ್ಟಿಗೆಯ ಮೇಲೆ ಸೀಸೆ ಕೂತಿತು. ನಾನು ಹುಟ್ಟುವಷ್ಟರಲ್ಲಿ ಅವೆರಡಕ್ಕೂ ಮನೆಯ ಹಿರಿಯರ ಸ್ಥಾನ ಬಂದುಬಿಟ್ಟಿತ್ತು. ಆಯುಧಪೂಜೆಯ ದಿನ ತಾತ ತಾವೇ ಧೂಳು ಒರೆಸುತ್ತಿದ್ದರು. ಕುಂಕುಮ ಹಚ್ಚುವುದೊಂದು ಬಾಕಿ ಇತ್ತು.

ಆ ಮನೆಯಲ್ಲಿ ಆಗ ನಾವೆಲ್ಲ ಒಟ್ಟಿಗಿದ್ದೆವು. ಅಪ್ಪನಿಗೆ ಒಬ್ಬನೇ ತಮ್ಮ, ನಾಗರಾಜ. ಮನೆಯವರಿಗೆಲ್ಲ ನಾಗು, ನನಗೆ ಚಿಕ್ಕಪ್ಪ. ಸರ್ಕಾರದಲ್ಲಿ ಇಂಜಿನಿಯರು. ಅಪ್ಪ ನಗಬೇಕಾದರೆ ಪಂಚಾಂಗ ನೋಡಬೇಕು, ಚಿಕ್ಕಪ್ಪ ಉಸಿರಾಡಿದ ಹಾಗೆ ನಗುತ್ತಿದ್ದ. ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಇನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದನಂತೆ. ದೀಪಾವಳಿಗೆ ತಲೆಗೆ ಎಣ್ಣೆ ಒತ್ತಿದ್ದು, ಗಣಿತದಲ್ಲಿ ಫೇಲಾದ ಮಾರ್ಕ್ಸ್ ಕಾರ್ಡನ್ನು ತಾತನ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟದ್ದು, ಎಲ್ಲ ಅಮ್ಮನೇ. ಅವನಿಗೂ ಅತ್ತಿಗೆ ಅಂದರೆ ಮುಗಿಯಿತು. ಹೆಂಡತಿ ಮಾಡಿದ ಸಾರಿನಲ್ಲಿ ತಪ್ಪು ಹುಡುಕುತ್ತಿದ್ದ, ಅತ್ತಿಗೆಯ ಸಾರು ಉಪ್ಪಾಗಿದ್ದರೂ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ತಾತನ ಪಾಠ ನಡೆಯುತ್ತಿದ್ದದ್ದು ಬೇಸಿಗೆಯಲ್ಲಿ, ಜಗಲಿಯ ಮೇಲೆ, ರಾಮನವಮಿಯ ಪಾನಕ ಉಳಿದಿರುವ ಹೊತ್ತಿಗೆ. ತೊಂಬತ್ತರ ದಶಕದ ಶುರು ಅದು. ಪಾನಕವೇ ಬ್ರಾಂದಿ, ದಾಲ್ಚಿನ್ನಿ ಚಕ್ಕೆಯೇ ಸಿಗಾರು. ತಾತ ನಡುವೆ ಕೂತರೆ ಆ ಕಡೆ ಅಪ್ಪ, ಈ ಕಡೆ ಚಿಕ್ಕಪ್ಪ, ಕೆಳಗೆ ಮೆಟ್ಟಿಲ ಮೇಲೆ ನಾನು.

"ಮೊದ್ಲು ಹೊಗೆ. ಅದು ಬಾಯಲ್ಲಿ ನಿಲ್ಬೇಕು, ಎದೆಗೆ ಇಳೀಬಾರ್ದು. ಅದು ಹೋದ್ಮೇಲೆ ಒಂದು ಗುಟುಕು. ನುಂಗೋಕೆ ಅವಸರ ಬೇಡ, ನಾಲಿಗೆ ಮೇಲೆ ಸ್ವಲ್ಪ ಹೊತ್ತು ಕೂರ್ಲಿ. ಲೋಟ ಅಂಗೈಯಲ್ಲಿ ಹಿಡೀರಿ. ಮೈ ಕಾವಿಗೆ ಅದರ ವಾಸನೆ ಏಳತ್ತೆ. ಸಿಗಾರಿನ ಬೂದಿ ಕೊಡವಬಾರ್ದು, ಅದಾಗೇ ಬೀಳ್ಬೇಕು."

"ಎಳಸು ಸಿಗಾರು ಕೊಟ್ರೆ ಏನಾಗತ್ತಪ್ಪ?" ಚಿಕ್ಕಪ್ಪ ಬೇಕೆಂದೇ ಕೆಣಕುತ್ತಿದ್ದ, ಉತ್ತರ ಅವನಿಗೆ ಗೊತ್ತಿತ್ತು.

"ಹಳೇ ಬ್ರಾಂದಿಗೆ ಎಳಸು ಸಿಗಾರು ಕೊಡೋದು, ಮುದುಕನಿಗೆ ಎಳೇ ಹುಡುಗಿ ಕಟ್ಟೋದು, ಎರಡೂ ಒಂದೇ ಕಣೋ. ಇಬ್ಬರಿಗೂ ಸುಖ ಇಲ್ಲ."

"ಮಕ್ಕಳ ಮುಂದೆ ಆಡೋ ಮಾತಾ ಇದು" ಅಂತ ಒಳಗಿನಿಂದ ಅಜ್ಜಿ. ಚಿಕ್ಕಪ್ಪ ದಾಲ್ಚಿನ್ನಿಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು, ದೊರೆಯ ಹಾಗೆ ಕಾಲ ಮೇಲೆ ಕಾಲು ಹಾಕಿ, ಬೆಳ್ಳಿ ಲೋಟ ಎತ್ತಿ ಅಪ್ಪನಿಗೆ ತೋರಿಸುತ್ತಿದ್ದ. ಅಪ್ಪ ಸುತ್ತ ಯಾರಾದರೂ ನೋಡುತ್ತಾರಾ ಎಂದು ಬೀದಿ ಕಡೆ ಕಣ್ಣು ಹಾಯಿಸಿ, ತಾವೂ ಲೋಟ ಎತ್ತುತ್ತಿದ್ದರು. ಆಮೇಲೆ ಇಬ್ಬರೂ ನಕ್ಕು ನಕ್ಕು ಕೆಮ್ಮುವರು. ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿರುವುದು ಆ ಜಗಲಿಯ ಮೇಲೆ ಮಾತ್ರ.

ಪಾಠದ ಕೊನೆಯಲ್ಲಿ ತಾತ ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದರು. "ಇದು ಒಬ್ಬನೇ ಕೂತು ಮಾಡೋ ಕೆಲಸ ಅಲ್ಲ. ಎದುರಿಗೆ ಒಬ್ರು ಇರ್ಬೇಕು. ಯಾರೂ ಇಲ್ದಿದ್ರೆ ಅದು ಬರೀ ಕುಡಿತ." ಒಮ್ಮೆ ಮಕ್ಕಳಿಬ್ಬರನ್ನೂ ನೋಡಿ, "ನಾನಂತೂ ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ. ಹಾಗೇನಾದ್ರೂ ಮುಟ್ಟೋ ಕಾಲ ಬಂದ್ರೆ ಇಬ್ರೂ ಒಟ್ಟಿಗೆ ಮುಟ್ಟಿ" ಅಂದಿದ್ದರು.

ನಾನು ಪಿಯುಸಿಯಲ್ಲಿದ್ದಾಗ ಅಜ್ಜಿ ಹೋದರು, ಅದೇ ವರ್ಷ ತಾತನೂ ಹೋದರು. ಮರುವರ್ಷ ಪಾಲು. ಪಾಲು ಮಾಡಿಸಲು ಬಂದವರು ಅಜ್ಜಿಯ ತಮ್ಮ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಕಣ್ಣಿಗೆ ಲೋಕದಲ್ಲಿರುವುದೆಲ್ಲ ಎರಡಾಗಿ ಸೀಳಲು ಹುಟ್ಟಿದ ವಸ್ತು. ಚಾಮರಾಜಪುರಂನ ಮನೆ ಕಿರಿಯವನಿಗೆ, ಕುವೆಂಪುನಗರದ ಸೈಟು ಹಿರಿಯವನಿಗೆ. ಬೆಳ್ಳಿ ತಟ್ಟೆ ಇವನಿಗೆ, ಬೆಳ್ಳಿ ಲೋಟ ಅವನಿಗೆ. ಬೀಸುವ ಕಲ್ಲಿನ ಮೇಲಿನ ಬಿಲ್ಲೆ ಒಂದು ಮನೆಗೆ ಕೆಳಗಿನ ಬಿಲ್ಲೆ ಇನ್ನೊಂದು ಮನೆಗೆ ಹೋಗದೆ ಉಳಿದದ್ದು ನಮ್ಮ ಪುಣ್ಯ. ಕೊನೆಗೆ ಗೋಡೆಬೀರು ತೆಗೆದರು. ಸೀಸೆ, ಪೆಟ್ಟಿಗೆ. ಶಿರಸ್ತೇದಾರರು ಒಂದು ಗಳಿಗೆ ಯೋಚಿಸಿ, "ಸೀಸೆ ಹಿರಿಯವನಿಗೆ, ಪೆಟ್ಟಿಗೆ ಕಿರಿಯವನಿಗೆ" ಅಂದರು. "ಒಂದಿಲ್ದೆ ಒಂದು ಉಪಯೋಗಕ್ಕೆ ಬರಲ್ಲ ಅಂತ ಭಾವ ಹೇಳ್ತಿದ್ರಲ್ಲ, ಇದಕ್ಕಾದ್ರೂ ಇಬ್ರೂ ಒಂದ್ಕಡೆ ಕೂತ್ಕೋಬೇಕಾಗತ್ತೆ." ಎಲ್ಲರೂ ನಕ್ಕರು. ಸೈಟಿನಲ್ಲಿ ಮನೆ ಕಟ್ಟಿಸಿದ ಮೇಲೆ ಅಪ್ಪ ಸೀಸೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ತಂದರು.

ಜಗಳ ಬಂದದ್ದು ಆಸ್ತಿಯಿಂದಲ್ಲ. ಆಸ್ತಿಗೆ ಜಗಳವಾಡಿದ್ದರೆ ಕೋರ್ಟು ಅಂತ ಒಂದಿತ್ತು, ಎಂದಾದರೂ ತೀರ್ಪು ಬರುತ್ತಿತ್ತು. ಇವರು ಜಗಳವಾಡಿದ್ದು ತಾತನ ಶ್ರಾದ್ಧಕ್ಕೆ. ಹಿರಿಯ ಮಗ ನಾನು, ನನ್ನ ಮನೆಯಲ್ಲಿ ಆಗಬೇಕು ಅಂದರು ಅಪ್ಪ. ನಮ್ಮಪ್ಪ ಬದುಕಿ ಸತ್ತ ಮನೆ ಇದು, ಇಲ್ಲೇ ಆಗಬೇಕು ಅಂದ ಚಿಕ್ಕಪ್ಪ. ಇಬ್ಬರೂ ಸೋಲಲಿಲ್ಲ. ಒಂದೇ ತಿಥಿಯ ದಿನ ಎರಡು ಮನೆಗಳಲ್ಲೂ ಶ್ರಾದ್ಧ ಶುರುವಾಯಿತು. ಪುರೋಹಿತರು ಮಾತ್ರ ಒಬ್ಬರೇ. ಚಾಮರಾಜಪುರಂನಲ್ಲಿ ಬೇಗ ಮುಗಿಸಿ, ದರ್ಭೆಯ ಕಟ್ಟನ್ನು ಮೊಪೆಡ್ಡಿನ ಹಿಂದೆ ಸಿಕ್ಕಿಸಿಕೊಂಡು, ಬೆವರು ಸುರಿಸುತ್ತ ಕುವೆಂಪುನಗರಕ್ಕೆ ಬರುತ್ತಿದ್ದರು. ಬದುಕಿದ್ದಾಗ ಒಂದು ಹೊತ್ತು ಉಣ್ಣುತ್ತಿದ್ದ ತಾತ, ಸತ್ತಮೇಲೆ ಒಂದೇ ದಿನ ಎರಡು ಕಡೆ ವಡೆ ತಿನ್ನಬೇಕಾಯಿತು. ಆ ಹೊತ್ತಿಗೆ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತ್ತು. ಹಬ್ಬಕ್ಕೆ ಹೋಗಿಬರುವುದೂ ನಿಂತಿತು.

ಇನ್ನು ನನ್ನ ಕಥೆಗೆ ಬರುತ್ತೇನೆ, ಯಾಕೆಂದರೆ ಸೀಸೆಯ ಕಥೆ ಅಲ್ಲಿಗೆ ಬರುತ್ತದೆ. ನನ್ನ ಮದುವೆಯಾಯಿತು, ಹೆರಿಗೆಗೆ ಅಮ್ಮನ ಮನೆಗೆ ಬಂದೆ. ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಕೆಟ್ಟ ಚಳಿಗಾಲ. ಹೆತ್ತ ಮೇಲೆ ನನಗೆ ನಡುಕ ನಿಲ್ಲಲಿಲ್ಲ. ಲೇಡಿ ಡಾಕ್ಟರು ಹಳೆಯ ಕಾಲದವರು. ಅಮ್ಮನನ್ನು ಪಕ್ಕಕ್ಕೆ ಕರೆದು, ದಿನಾ ಒಂದು ಚಮಚ ಬ್ರಾಂದಿ ಜೇನುತುಪ್ಪದಲ್ಲಿ ಕೊಡಿ, ಮೈ ಬೆಚ್ಚಗಾಗತ್ತೆ ಅಂದರಂತೆ. ಆ ಕಾಲಕ್ಕೆ ನಮ್ಮಂಥವರ ಮನೆಯಲ್ಲಿ ಬ್ರಾಂದಿಗೆ ಇದ್ದ ರಹದಾರಿ ಅದೊಂದೇ. ಕುಡಿದರೆ ಕುಲಗೆಟ್ಟವನು, ಬಾಣಂತಿಗೂ ಕೂಸಿಗೂ ಕೊಟ್ಟರೆ ಔಷಧಿ.

ಆದರೆ ತರುವವರು ಯಾರು? ಅಮ್ಮ ಅಪ್ಪನನ್ನು ಕೇಳಿದಳು. "ನನ್ನನ್ನ ಬ್ರಾಂದಿ ಅಂಗಡಿ ಮುಂದೆ ನಿಲ್ಲಿಸ್ತೀಯಾ? ಅಲ್ಲಿ ನಿಂತಿರೋರೆಲ್ಲ ನನ್ನ ಸ್ಕೂಲಲ್ಲಿ ಓದಿದ ಮಕ್ಕಳ ಅಪ್ಪಂದಿರು" ಅಂದರು ಅಪ್ಪ. ಅಳಿಯನಿಗೆ ಹೇಳಿದರೆ ಬೀಗರ ಮನೆಯಲ್ಲಿ ಮಾನ ಉಳಿಯುವುದಿಲ್ಲ. ತಾನೇ ಹೋಗುವ ಮಾತಂತೂ ಇಲ್ಲ. ಅಪ್ಪ ಆ ವಿಷಯ ಅಲ್ಲಿಗೇ ಮರೆತರು. ಬ್ರಾಂದಿ ಬಂತಾ, ಎಲ್ಲಿಂದ ಬಂತು, ಮಗಳ ನಡುಕ ಹೇಗೆ ನಿಂತಿತು, ಮತ್ತೆ ವಿಚಾರಿಸಲಿಲ್ಲ. ಬೀದಿಯ ಕೊನೆಯ ಅಂಗಡಿಯಲ್ಲಿ ಸಿಗುವ ಅಗ್ಗದ ಬ್ರಾಂದಿ ಕೊಳ್ಳಲು ನಾಚಿಕೊಂಡು, ಅಮ್ಮ ಬೀರುವಿನ ತಲೆಯ ಮೇಲಿಂದ ತಾತನ ಸೀಸೆಯನ್ನು ಇಳಿಸಿದಳು. ದೊರೆಯ ಕಾಲದ ಮುದ್ರೆಯನ್ನು ಈಳಿಗೆಮಣೆಯ ತುದಿಯಿಂದ ಎಬ್ಬಿಸಿದಳು.

ಇದೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ. ಆಗ ನನಗೆ ಅದು ಡಾಕ್ಟರು ಕೊಟ್ಟ ಔಷಧಿ ಅಷ್ಟೇ. ಅಮ್ಮ ಬಿಸಿ ನೀರು ಎರೆದು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬುಟ್ಟಿ ಕವುಚಿ, ನನ್ನ ಕೂದಲನ್ನು ಅದರ ಮೇಲೆ ಹರಡುತ್ತಿದ್ದಳು. ಹೊಗೆ ಕೋಣೆ ತುಂಬುತ್ತಿತ್ತು. ಆಮೇಲೆ ಕೂಸಿಗೆ ಹಾಲು ಹಾಕುವ ಬೆಳ್ಳಿ ಒಳಲೆಯಲ್ಲಿ ಒಂದು ಗುಟುಕು. ಈಗ ಯೋಚಿಸಿದರೆ ತಾತನ ಪಾಠ ಅಕ್ಷರಶಃ ನಡೆದದ್ದು ಅಲ್ಲೇ, ಬಾಣಂತಿಯ ಮಂಚದ ಮೇಲೆ. ಮೊದಲು ಹೊಗೆ, ಆಮೇಲೆ ಗುಟುಕು. ಪ್ರಪಂಚದಲ್ಲಿ ಎಷ್ಟೋ ಜನ ಆಸೆಪಡುವ ಹಳೆಯ ಫ್ರೆಂಚ್ ಬ್ರಾಂದಿಯನ್ನು ನಮ್ಮ ವಂಶದಲ್ಲಿ ಕುಡಿದವಳು ನಾನೊಬ್ಬಳೇ, ಅದೂ ಮೂಗು ಹಿಡಿದುಕೊಂಡು. ರುಚಿ ಹೇಗಿತ್ತು ಅಂತ ಕೇಳಬೇಡಿ. ಜೇನುತುಪ್ಪ ಮಾತ್ರ ನೆನಪಿದೆ.

ನನ್ನ ಬಾಣಂತನ ಮುಗಿದು ಉಳಿದದ್ದು ಅಕ್ಕಪಕ್ಕದ ಮನೆಯ ಕೂಸುಗಳ ಶೀತಕ್ಕೆ ಹೋಯಿತು. ತಳ ಕಂಡಾಗ ಅಮ್ಮ ಬೆಲ್ಲ ಸುಟ್ಟು, ನೀರಿನಲ್ಲಿ ಕದಡಿ, ಚಹಾ ಡಿಕಾಕ್ಷನ್ ಬೆರೆಸಿ, ಬಣ್ಣವನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ಸೀಸೆ ತುಂಬಿಸಿದಳು. ಬಿರಡೆಯ ಮೇಲೆ ಕೆಂಪು ಮೇಣದಬತ್ತಿ ಕರಗಿಸಿ ಸುರಿದಳು. ಕುಡಿಯುವವರು ಯಾರೂ ಇಲ್ಲದ ಮನೆಯಲ್ಲಿ ಇದನ್ನು ಕಂಡುಹಿಡಿಯುವವರು ಯಾರು ಅಂತ ಅವಳ ಧೈರ್ಯ.

ನನ್ನ ಮಗು ನರ್ಸರಿಗೆ ಹೋಗುವ ಕಾಲಕ್ಕೆ, ಒಂದು ದಿನ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ಜಡೆ ಎಳೆದರು. ಚಿಕ್ಕಪ್ಪ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಂದಿನ ತಿಂಗಳು ರಿಟೈರ್ ಆಗ್ತಿದ್ದೀನಿ ಅಂದ. ವೀಳ್ಯದೆಲೆಯ ಕಟ್ಟನ್ನು ನೋಡುತ್ತ, "ಪುಟ್ಟಿ, ನಿಮ್ಮಪ್ಪಂಗೆ ಒಂದು ಮಾತು ಹೇಳ್ಬಿಡು. ಪೆಟ್ಟಿಗೆ ನನ್ ಹತ್ರ ಹಂಗೇ ಇದೆ. ಒಂದನ್ನೂ ಮುಟ್ಟಿಲ್ಲ" ಅಂದ.

"ಅಷ್ಟೇನಾ ಚಿಕ್ಕಪ್ಪ?"

"ಅಷ್ಟು ಸಾಕು. ಅವನಿಗೆ ಗೊತ್ತಾಗತ್ತೆ."

ಗೊತ್ತಾಯಿತು. ಅಪ್ಪ ಕೇಳಿ ಎದ್ದುಹೋಗಿ ಮುಖ ತೊಳೆದುಕೊಂಡು ಬಂದರು. "ಭಾನುವಾರ ಸಂಜೆ ಬರೋಕೆ ಹೇಳು" ಅಂದರು. ಅಮ್ಮ ಅಲ್ಲೇ ಹೂ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

ಆ ವಾರ ಅಪ್ಪನ ಸಡಗರ ನೋಡಬೇಕಿತ್ತು. ಬ್ರಾಂದಿಗೆ ಬೇರೆ ಲೋಟ ಬೇಕಲ್ಲ. ಕುವೆಂಪುನಗರದಲ್ಲಿ ಕೊಂಡರೆ ಗುರುತಿನವರು ನೋಡುತ್ತಾರೆಂದು ಬಸ್ಸು ಹತ್ತಿ ಲಷ್ಕರ್ ಮೊಹಲ್ಲಾದ ಗಾಜಿನ ಸಾಮಾನಿನ ಅಂಗಡಿಗೆ ಹೋದರು. ಗಲ್ಲಾದ ಮೇಲೆ ಕೂತಿದ್ದವನು ಅವರ ಹಳೆಯ ಶಿಷ್ಯ. ಎದ್ದು ನಿಂತು, "ಏನ್ ಬೇಕಿತ್ತು ಸಾರ್?" ಅಂದ. ಅಪ್ಪನ ಬಾಯಲ್ಲಿ ಬಂದದ್ದು ಐಸ್‌ಕ್ರೀಮ್ ಕಪ್ಪು. ಕಾಲು ಇರುವ ಎರಡು ಗಾಜಿನ ಐಸ್‌ಕ್ರೀಮ್ ಕಪ್ಪುಗಳನ್ನು ತಂದು, "ಅಂಗೈಯಲ್ಲಿ ಹಿಡಿಯೋಕೆ ಇದೂ ಆಗತ್ತೆ" ಅಂತ ನನಗೆ ತೋರಿಸಿದರು. ಅಷ್ಟು ವರ್ಷದಲ್ಲಿ ಅವರು ತಮ್ಮನ ಹೆಸರನ್ನು ಎತ್ತಿರಲಿಲ್ಲ. ಆ ವಾರ ಬಾಯಿ ತೆರೆದರೆ ನಾಗು. ನಾಗೂಗೆ ಕೋಡುಬಳೆ ಇಷ್ಟ, ನಾಗು ಬಂದರೆ ಈ ಕುರ್ಚಿ, ಮುಂದಿನ ತಿಥಿ ಒಂದೇ ಕಡೆ ಮಾಡೋಣ ಅಂತೀನಿ, ಅಲ್ಲೇ ಬೇಕಾದರೆ ಅಲ್ಲೇ. ಅಮ್ಮ ಕೋಡುಬಳೆ ಕರಿದಳು. ಹೇಳಬೇಕಾದ ಮಾತು ಹೇಳಲು ಅವಳಿಗೆ ಒಂದಿಡೀ ವಾರ ಇತ್ತು.

ಭಾನುವಾರ ಚಿಕ್ಕಪ್ಪ ಪೆಟ್ಟಿಗೆಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಅಣ್ಣನ ಕಾಲಿಗೆ ನಮಸ್ಕಾರ ಮಾಡಿದ, ಅತ್ತಿಗೆಯ ಕಾಲಿಗೂ ಮಾಡಿದ. ಇಬ್ಬರೂ ಎದುರುಬದುರು ಕೂತರು. ಏನು ಮಾತಾಡಬೇಕೆಂದು ತಿಳಿಯದೆ ಮೊದಲು ಮಳೆ ಬೆಳೆ, ಆಮೇಲೆ ಪೆನ್ಷನ್ನು. ಕೊನೆಗೆ ಪೆಟ್ಟಿಗೆ ತೆರೆದರು. ಅಪ್ಪ ಒಂದನ್ನು ತುಟಿಗಿಟ್ಟುಕೊಂಡರು, ಚಿಕ್ಕಪ್ಪ ಕಡ್ಡಿ ಗೀರಿ, ಗಂಧಕ ಉರಿದು ಹೋಗುವವರೆಗೆ ಕಾದು, ತಾತ ಹೇಳಿದ ಹಾಗೆಯೇ ಹಚ್ಚಿದ. ಮೊದಲ ಹೊಗೆಗೇ ಅಪ್ಪ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಮನೆ ತುಂಬ ನುಸಿಗುಳಿಗೆಯ ವಾಸನೆ.

"ಇದೇನೋ ನಾಗು, ರೇಷ್ಮೆ ಸೀರೆ ಸುಟ್ಟ ಹಾಗಿದೆ."

"ನಮ್ಮನೇಲಿ ಇವಳು ಪೆಟ್ಟಿಗೇನ ಸೀರೆ ಬೀರೂನಲ್ಲಿ ಇಟ್ಬಿಟ್ಟಿದ್ದಾಳೆ ಅಣ್ಣ. ಹುಳ ಹಿಡಿಯತ್ತೆ ಅಂತ ಮೇಲಿಂದ ಒಂದು ಹಿಡಿ ಗುಳಿಗೆ ಬೇರೆ ಹಾಕಿದ್ದಾಳೆ."

ಅಪ್ಪ ನಕ್ಕರು. ಜಗಲಿಯ ನಗು ಅದು. ನಾನು ಬಾಗಿಲಲ್ಲಿ ನಿಂತಿದ್ದೆ, ಎಲ್ಲ ಸರಿಹೋಯಿತು ಅಂದುಕೊಂಡೆ. ಅಪ್ಪ ಮೇಣ ಒಡೆದು ಸೀಸೆಯಿಂದ ಐಸ್‌ಕ್ರೀಮ್ ಕಪ್ಪುಗಳಿಗೆ ಬಗ್ಗಿಸಿದರು. ಅಂಗೈಯಲ್ಲಿ ಹಿಡಿದು ಕಾವು ಕೊಟ್ಟರು. ಒಂದು ಗುಟುಕು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿದರು. ಚಿಕ್ಕಪ್ಪನೂ ಗುಟುಕರಿಸಿದ. ನುಸಿಗುಳಿಗೆಯ ನಗು ಅವನ ಮುಖದಲ್ಲಿ ಇನ್ನೂ ಇತ್ತು, ಅದೇ ನಗುವಿನಲ್ಲಿ ಹೇಳಿದ.

"ಅಣ್ಣ, ಇದು ಬ್ರಾಂದಿ ಅಲ್ಲ. ಹುಳಿ ಬಂದಿರೋ ಪಾನಕ."

ಅಪ್ಪ ಕಣ್ಣು ತೆರೆದರು. "ನಿಂಗೆ ಹೇಗೋ ಗೊತ್ತು?"

ಚಿಕ್ಕಪ್ಪನ ನಗು ನಿಂತಿತು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಯಾರೋ ಹೇಳಿದ್ರು, ಎಲ್ಲೋ ವಾಸನೆ ನೋಡಿದ್ದೆ, ಏನಾದರೂ. ಅವನು ಕಪ್ಪನ್ನು ಕೆಳಗಿಟ್ಟ. "ಕುಡಿದಿದ್ದೀನಿ ಅಣ್ಣ. ಕೆಲಸದ ಮೇಲೆ ಕ್ಯಾಂಪಿಗೆ ಹೋದಾಗ, ಕಂಟ್ರಾಕ್ಟರುಗಳ ಜೊತೆ. ಎಷ್ಟೋ ವರ್ಷದಿಂದ."

"ನಮ್ಮಪ್ಪ ಸತ್ತ ಮನೇಲಿ ಇದ್ಕೊಂಡು ಕುಡೀತೀಯ. ಅದೇ ಕೈಯಲ್ಲಿ ಅವರಿಗೆ ಪಿಂಡಾನೂ ಇಡ್ತೀಯ."

ಅಮ್ಮ ಕೋಡುಬಳೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪ ಎದ್ದ. ಅವಳ ಮುಖವನ್ನು ಒಂದು ಸಲ ನೋಡಿದ, ಕೈಯಲ್ಲಿದ್ದ ತಟ್ಟೆಯನ್ನು ನೋಡಿದ. "ಬರ್ತೀನಿ ಅತ್ತಿಗೆ" ಅಂದು ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ. ಅಪ್ಪ ಕಪ್ಪಿನಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು. ಬ್ರಾಂದಿ ಅಂದರೆ ಹೀಗೇ ಇರುತ್ತದೆ ಎಂದು ಅವರು ನಂಬಿದ್ದರು. ಕಂಡಕಂಡದ್ದನ್ನು ಕುಡಿದು ನಾಲಿಗೆ ಕೆಡಿಸಿಕೊಂಡವನಿಗೆ ನಮ್ಮಪ್ಪನ ಬ್ರಾಂದಿ ಪಾನಕದ ಹಾಗೆ ಕಂಡಿದೆ ಅಂತ ಮುಂದೆಯೂ ಹೇಳುತ್ತಿದ್ದರು. ಸೀಸೆಯಲ್ಲಿ ಇದ್ದದ್ದನ್ನು ಮಾರನೆಯ ದಿನ ಅಮ್ಮ ಬಚ್ಚಲಿಗೆ ಸುರಿದು, ತೊಳೆದು, ಮನಿ ಪ್ಲಾಂಟಿನ ಒಂದು ಕಡ್ಡಿ ನೆಟ್ಟಳು.

ತಿಥಿ ಎರಡು ಕಡೆ ಮುಂದುವರಿಯಿತು. ಒಂದು ಮಾರ್ಗಶಿರದಲ್ಲಿ ಚಿಕ್ಕಪ್ಪ ಎದೆನೋವು ಅಂತ ಕೂತವನು ಏಳಲಿಲ್ಲ. ಅಪ್ಪ ಚಾಮರಾಜಪುರಂನ ಆ ಜಗಲಿಯನ್ನು ಹತ್ತಿದ್ದು ಅವನ ಹೆಣ ನೋಡಲು. ಹದಿಮೂರನೆಯ ದಿನ ಊಟವಾದ ಮೇಲೆ ಚಿಕ್ಕಮ್ಮ ಟವೆಲ್ಲಿನಲ್ಲಿ ಸುತ್ತಿದ ಪೆಟ್ಟಿಗೆ ತಂದು ಅಪ್ಪನ ಮುಂದಿಟ್ಟಳು.

"ಅಣ್ಣಂಗೆ ಕೊಡು ಅಂತ ಇವ್ರು ಹೇಳಿಟ್ಟಿದ್ರು, ಭಾವ. ಅವತ್ತು ನಿಮ್ಮನೆಯಿಂದ ಬಂದು ಇಲ್ಲೇ ಕೂತಿದ್ರು. ಬ್ರಾಂದೀನ ಅತ್ತಿಗೆ ಯಾವ್ದೋ ಬಾಣಂತಿಗೆ ಕೊಟ್ಟು ಖರ್ಚು ಮಾಡಿದ್ದಾರೆ ಕಣೆ, ನಮ್ಮ ಪುಟ್ಟೀಗೇ ಇರ್ಬೇಕು, ಒಳ್ಳೇದಕ್ಕೇ ಹೋಗಿದೆ ಬಿಡು ಅಂದ್ರು."

ಅಪ್ಪ ಬಹಳ ಹೊತ್ತು ಟವೆಲ್ಲಿನ ಗಂಟನ್ನು ಹಿಡಿದಿದ್ದರು. "ಗೊತ್ತಿತ್ತಾ ಅವನಿಗೆ? ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ. ಹೇಳಿದ್ರೆ ಅಣ್ಣ ಅತ್ತಿಗೇನ ಬಯ್ತಾನೆ, ನನ್ನನ್ನ ಬಯ್ದಿದ್ದು ಆಯ್ತಲ್ಲ, ಅಲ್ಲಿಗೇ ಮುಗೀಲಿ ಅಂದ್ರು."

ನಾವು ಮೂವರೂ ಆಟೋದಲ್ಲಿ ಮನೆಗೆ ಬಂದೆವು. ಅಪ್ಪ ಪೆಟ್ಟಿಗೆಯನ್ನು ತಾವೇ ಕಿಟಕಿಯಲ್ಲಿ, ಗಿಡದ ಸೀಸೆಯ ಪಕ್ಕದಲ್ಲಿ ಇಟ್ಟರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಹೌದೇನೆ?"

"ಹೌದು. ಮಗಳು ನಡುಗ್ತಾ ಮಲಗಿದ್ಲು. ನೀವು ಅಂಗಡಿಗೆ ಹೋಗಲ್ಲ ಅಂದ್ರಿ. ಇದ್ದಿದ್ದನ್ನ ಕೊಟ್ಟೆ."

"ಅವತ್ತು ನಾಗು ಎದ್ದು ಹೋಗೋವಾಗ ಒಂದು ಮಾತು ಹೇಳ್ಬಾರ್ದಿತ್ತಾ?"

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಕೇಳಿದ್ರೆ ಹೇಳ್ತಿದ್ದೆ. ನೀವು ಹೇಗೆ ಗೊತ್ತು ಅಂತ ಕೇಳಿದ್ದು ಅವನನ್ನ. ಬ್ರಾಂದಿ ಎಲ್ಲಿ ಹೋಯ್ತು ಅಂತ ನನ್ನ ಕೇಳ್ಲಿಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಅಮ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎಣ್ಣೆ ಒತ್ತಿ ಬೆಳೆಸಿದ ಹುಡುಗ ತನ್ನ ತಪ್ಪನ್ನು ಹೊತ್ತುಕೊಂಡು ಮೆಟ್ಟಿಲಿಳಿಯುವಾಗ ಅವಳು ಕೋಡುಬಳೆ ಹಿಡಿದು ನಿಂತಿದ್ದಳು. ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಒಂದು ಹೆಂಗಸು ತನ್ನ ಮನೆಯಲ್ಲೇ ಬಾಯಿ ಬಿಡಲು ಹೆದರುವ ಹಾಗೆ ಬದುಕಿಬಿಟ್ಟರಲ್ಲ ಅಂತ. ಇಬ್ಬರಿಗೂ ವಯಸ್ಸಾಗಿದೆ. ಯಾರನ್ನೂ ಏನೂ ಅನ್ನದೆ ಭಾನುವಾರ ಹೋಗಿ ಪೇಪರ್ ಓದಿ ಬರುತ್ತೇನೆ.

ಹೋದ ಭಾನುವಾರವೂ ಆ ಪುಟವನ್ನು ಕೊನೆಯವರೆಗೆ ಓದಿದೆ. ಸಿಗಾರು ಕತ್ತರಿಸುವ ಕ್ರಮ, ಲೋಟ ಹಿಡಿಯುವ ಕ್ರಮ, ಮೊದಲು ಹೊಗೆ, ಆಮೇಲೆ ಗುಟುಕು. ಬರೆದವರು ಬಹಳ ಓದಿಕೊಂಡವರು, ಒಂದು ತಪ್ಪಿರಲಿಲ್ಲ. ಅಮ್ಮ ತಂಬಿಗೆ ತಂದು ಗಿಡದ ಸೀಸೆಗೆ ನೀರು ಹಾಕುತ್ತಿದ್ದಳು. ನಾನು ಪೇಪರ್ ಮಡಿಸುವಾಗ ಅಪ್ಪ ಕೇಳಿದರು.

"ಎದುರಿಗೆ ಒಬ್ರು ಇರ್ಬೇಕು ಅಂತ ಬರೆದಿದ್ದಾರಾ?"

"ಇಲ್ಲಪ್ಪ. ಅದೊಂದು ಬರೆದಿಲ್ಲ" ಅಂದೆ.